ನೀಲಕ್ಕನ ವಹಿ

ಹಾವೇರಿಯ ಹಳೇ ಪಿ.ಬಿ. ರಸ್ತೆಯಲ್ಲಿ
ಏಲಕ್ಕಿ ಹಾರ ಕಟ್ಟುವವರನ್ನು ದಾಟಿ ಮೂರನೇ ಬಾಗಿಲು,
ಬಾಡಿಗೆ ಕಾದಂಬರಿಯ ಅಂಗಡಿ.
ದಿನಕ್ಕೆ ಎರಡು ರೂಪಾಯಿ. ಪುಟ ಮಡಚಿದರೆ ನಾಕಾಣೆ ದಂಡ.
ನಾಕಾಣೆ ಚಲಾವಣೆ ನಿಂತು ಎಷ್ಟೋ ವರ್ಷ,
ಬೋರ್ಡಿಗೆ ಇನ್ನೂ ಸುದ್ದಿ ಮುಟ್ಟಿಲ್ಲ.

ಒಳಗೆ ನೀಲಾಂಬಿಕಾ ಹತ್ತಿಮತ್ತೂರ
ಕಟ್ಟಿಗೆ ಸ್ಟೂಲಿನ ಮೇಲೆ ಕೂತು ಬರೆಯುತ್ತಾಳೆ.
ಕಥೆಯಲ್ಲ, ಕಥೆಗಳ ಲೆಕ್ಕ.
ಕಿರಾಣಿಯವರು ಬಳಸುವಂಥದೇ ವಹಿ, ಕೆಂಪು ಬಟ್ಟೆಯ ರಟ್ಟು.
ಜಮಾ ಎಂಬಲ್ಲಿ ಯಾರು ಹುಟ್ಟಿದರು,
ಖರ್ಚು ಎಂಬಲ್ಲಿ ಯಾರು ಸತ್ತರು, ಎಷ್ಟನೇ ಪುಟಕ್ಕೆ.

ಒಂದರ ಮುಂದೆ: ಬಸುರಿ ಹೆಂಗಸರಿಗೆ ಕೊಡಬ್ಯಾಡ.
ಇನ್ನೊಂದಕ್ಕೆ: ನೂರಾ ನಲವತ್ತರ ತನಕ ತಡಕೋಬೇಕು, ಆಮ್ಯಾಲ ಓಡ್ತೈತಿ.
ಕಡೀ ಹಾಳಿ ಹರದೈತಿ, ಮದುವಿ ಆಗ್ತೈತಂತ ಬಾಯಿಲೇ ಹೇಳಿ ಕಳಸು.
ಸುಬ್ಬಕ್ಕ ಅಂದ್ರ ಮೊದಲ ಹೆಂಡತಿ, ಸುಬ್ಬಿ ಆಕಿ ಮಗಳು,
ಎಪ್ಪತ್ತನೇ ಪುಟದಾಗ ಅದಲಿ ಬದಲಿ ಆಗ್ಯಾರ,
ಬರದಾಂವಗ ಖಬರಿಲ್ಲ.

ಕೋರ್ಟಿನ ಟೈಪಿಸ್ಟ್ ಪ್ರಮೋದಿನಿ
ಸಂಜೆ ಚಪ್ಪಲಿ ಬಿಡುವ ಮೊದಲೇ ನೀಲಕ್ಕನ ಪ್ರಶ್ನೆ:
ಇವತ್ತ ಅಳೂದೈತೇನು, ಇಲ್ಲೇನು?
ಐತಿ ಅಂದರೆ ಬೆರಳು ವಹಿಯ ಹಸಿರು ದಾರದ ಕಡೆ.
ಇಲ್ಲ ಅಂದರೂ ಅಲ್ಲಿಗೇ, ಒಂದೊಂದು ದಿನ.

ಬರೆಯುವವರೂ ಬರುತ್ತಾರೆ. ಅವರದು ಹಿತ್ತಲ ಬಾಗಿಲು.
ಶಿಗ್ಗಾವಿಯವರು, ರಾಣೆಬೆನ್ನೂರಿನವರು,
ಒಬ್ಬಾತ ಹುಬ್ಬಳ್ಳಿಯಿಂದ ಬಾಡಿಗೆ ಕಾರು ಮಾಡಿಕೊಂಡು.
ಅವರಿಗಾಗಿ ವಹಿಯ ಹಿಂದಿನ ಹಾಳೆಗಳು:
ಗಾಣಿಗರ ಮನೆಯಲ್ಲಿ ಹಿರಿಮಗನಿಗೆ ಇಡುವ ಹೆಸರು,
ದನದ ಪೇಟೆಯಲ್ಲಿ ಟವೆಲ್ಲಿನಡಿ ಯಾವ ಬೆರಳಿಗೆ ಎಷ್ಟು ಸಾವಿರ,
ಹೆಣ ಎಷ್ಟು ತಾಸಿಗೆ ಸೆಟೆಯುತ್ತದೆ,
ಎಪ್ಪತ್ತೆಂಟರಲ್ಲಿ ಸವಣೂರಿನ ಕಡೇ ಬಸ್ಸು ಎಷ್ಟಕ್ಕೆ ಬಿಡುತ್ತಿತ್ತು,
ಯಾವ ಡ್ರೈವರು ಅದನ್ನು ಯಾರಿಗಾಗಿ ತಡೆಯುತ್ತಿದ್ದ.

ನಾನೂ ಹೋದೆ. ಹೆಸರು ಕೇಳುವ ನೆವ.
ನಿಜಕ್ಕೆ, ನನ್ನ ಕಾದಂಬರಿಯ ಸಾಲು ಹುಡುಕಲಿಕ್ಕೆ.
ಇತ್ತು. ಏಲಕ್ಕಿ ಸಿಪ್ಪೆ ಅಂಟಿದ ಹಾಳೆ, ದುಂಡನೆ ಅಕ್ಷರ:
ಪುಟ ನೂರಾ ಹನ್ನೆರಡು. ಬಸಲಿಂಗವ್ವ ವರದಾ ಹೊಳಿಗೆ ಹಾರತಾಳ.
ಯುಗಾದಿ ಆಗಿ ಹದಿನೈದು ದಿನ.
ನೀರು ಮೊಣಕಾಲ ಮಟ.
ಸತ್ತಿಲ್ಲ.

ಖರ್ಚಿನ ಕಡೆ ಖಾಲಿ.
ಬಸಲಿಂಗವ್ವ ಇನ್ನೂ ಜಮಾದಲ್ಲಿಯೇ ಕೂತಿದ್ದಾಳೆ,
ಒದ್ದೆ ಸೀರೆಯಲ್ಲಿ, ಒಂಬತ್ತು ವರ್ಷದಿಂದ.

ನಾನಂದೆ, ಅಕ್ಕಾ, ಆಕೆ ಸಾಯದಿದ್ದರೆ
ಮುಂದಿನ ತೊಂಬತ್ತು ಪುಟ ನಿಲ್ಲುವುದಿಲ್ಲ.
ಗಂಡ ಹುಚ್ಚನಾಗುವುದು, ಮಗ ಸಾಲಿ ಬಿಡುವುದು...
ಆಕೆ ಗೋಂದಿನ ಡಬ್ಬಿಯ ಮುಚ್ಚಳ ತಿರುವುತ್ತಿದ್ದಳು.
ನಿಂದ್ರಲಿ ಬಿಡಲಿ. ಚೈತ್ರದಾಗ ಆ ಹೊಳಿಗೆ
ಮೀನು ಹಿಡಿಯೋ ಹುಡುಗರು ಚಡ್ಡಿ ಎತ್ತಿಕೊಳ್ಳೂದಿಲ್ಲ.
ಬೈಕೋತ ಎದ್ದು ಬಂದಿರತಾಳ ಆಕಿ.
ಒಯ್ಯೋರಿಗೆಲ್ಲ ಹೇಳಿ ಕಳಸೇನಿ,
ಸಾಯತಾಳಂತ ಬರದಾನ, ಮನಸಿಗೆ ಹಚ್ಕೋಬ್ಯಾಡ್ರಿ ಅಂತ.

ಹಾಗಾದರೆ ಎದ್ದು ಎಲ್ಲಿಗೆ ಹೋದಳು?
ಕೇಳಿದ್ದು ನಾನೇ. ಬರೆದವನು.

ಅದು ನನ್ನ ವಹ್ಯಾಗ ಬರೂದಿಲ್ಲಪಾ.
ಆ ಊರು ಕಟ್ಟಿದಾಂವ ನೀ. ಯಾವ ಬಾಗಲಾ ತಗದಿಟ್ಟೀ, ನಿನಗ ಗೊತ್ತು.

ಒಂದನ್ನೂ ತೆಗೆದಿಟ್ಟಿರಲಿಲ್ಲ.
ತಂಗಿಯ ಮನೆ ಇಪ್ಪತ್ತನೇ ಪುಟಕ್ಕೇ ಸುಟ್ಟಿದ್ದೆ, ಸುಮ್ಮನೆ,
ಬೆಂಕಿಯ ವರ್ಣನೆ ಚೆನ್ನಾಗಿ ಬರುತ್ತಿತ್ತು ಅಂತ.

ಹೊರಡುವಾಗ ನೀಲಕ್ಕ ಕೈ ಚಾಚಿದಳು:
ಸುಳ್ಳು ಸಾವಿಗೆ ದಂಡ, ನಾಕಾಣೆ.
ಕಿಸೆಯಲ್ಲಿ ಐದರ ನಾಣ್ಯ, ಹತ್ತರ ನೋಟು.
ಚಿಲ್ಲರೆ ಇಟ್ಟುಕೊಳ್ಳಿ ಅಂದರೆ ಒಲ್ಲಳು.
ನಾಕಾಣೆ ಈಗೆಲ್ಲಿ ಸಿಗುತ್ತದಕ್ಕಾ ಅಂದೆ.

ಉದ್ದರಿ ಬರಕೋತೇನಿ, ಅಂದಳು.
ಬರೆದೂ ಬಿಟ್ಟಳು, ಬಸಲಿಂಗವ್ವನ ಕೆಳಗೆ,
ನನ್ನ ಪೂರ್ತಿ ಹೆಸರು, ಅಪ್ಪನ ಹೆಸರು, ಊರು.
ಮಸಿ ಆರಲೆಂದು ಎರಡು ಸಲ ಊದಿದಳು.