ಒಳಗೇನಿದೆ

ಹದಿನಾಲ್ಕು ವರ್ಷ ನಾನು ಚೀಟಿಯಲ್ಲಿ
ಸುಳ್ಳು ಬರೆದಿದ್ದೇನೆ, ದಿನಕ್ಕೆ ಮೂವತ್ತು ನಲವತ್ತು.
ಸಾಗರದ ಬಸ್ ನಿಲ್ದಾಣದ ಹಿಂದೆ
ಜೆರಾಕ್ಸ್ ಅಂಗಡಿಯ ಅರ್ಧ ಗೋಡೆ ಬಾಡಿಗೆಗೆ ಹಿಡಿದು
ಒಂದು ತಕ್ಕಡಿ, ಒಂದು ಸ್ಟೂಲು, ಕಾರ್ಬನ್ ಹಾಳೆ.
'ಒಳಗೇನಿದೆ' ಎಂಬ ಕಲಮಿನಲ್ಲಿ
ಪತ್ರ ಅನ್ನುವಂತಿಲ್ಲ, ಫಿಲೋಮಿನಾ,
ಎಂದಿದ್ದರು ಕಂಪನಿಯವರು ಮೊದಲ ದಿನವೇ.
ಪತ್ರ ಸರ್ಕಾರದ್ದು. ರಾಣಿ ಕಾಲದ ಕಾನೂನು.
ನೀನು ದಾಖಲೆ ಅಂತ ಬರಿ.

ಬರೆದೆ.
ಸೊರಬದ ಹುಡುಗನಿಗೆ ಹೊರಟ, ಒಣ ಸುರಗಿಯ ವಾಸನೆ
ತಡೆಯಲಾರದ ಲಕೋಟೆ: ದಾಖಲೆ.
'ನಾನು ಸತ್ತರೂ ಬರಬೇಡ' ಎಂದು ಅಣ್ಣನಿಗೆ
ತಮ್ಮ ಬರೆದದ್ದು (ನನಗೆ ಗಟ್ಟಿಯಾಗಿ ಓದಿ ತೋರಿಸಿಯೇ ಮಡಚಿದ):
ದಾಖಲೆ, ಮೂವತ್ತು ರೂಪಾಯಿ.

ಎದುರು ಕಟ್ಟೆಯಲ್ಲಿ ಟಪಾಲು ಚೀಲವನ್ನು
ಕಾಲ ನಡುವೆ ಇಟ್ಟುಕೊಂಡು ಬಸ್ಸು ಕಾಯುವ ಕೆರಿಯಪ್ಪ
'ನಮ್ಮ ಅನ್ನಕ್ಕೆ ಕೈ ಹಾಕಿದ್ರಿ' ಅನ್ನುತ್ತಿದ್ದ,
ನನ್ನದೇ ಚಹಾ ಕುಡಿಯುತ್ತ.
ಕಂಪನಿಯ ಗಾಡಿ ಹಸಿರುಮಕ್ಕಿಯ ತನಕ,
ನೀರು ಕಂಡರೆ ತಿರುಗುತ್ತದೆ.
ಐದು ಏಳು ಏಳು ಎಂದು ಶುರುವಾದ ಪಿನ್‌ಕೋಡು
ಹಿನ್ನೀರಿನಾಚೆಯದಾದರೆ
ಕಂಪ್ಯೂಟರು 'ಸೇವೆ ಇಲ್ಲ' ಅನ್ನುತ್ತದೆ.
ಕೆರಿಯಪ್ಪ ಹಾಗನ್ನುವುದಿಲ್ಲ.
ಒಂದಕ್ಕೆ ಇಪ್ಪತ್ತು ರೂಪಾಯಿಯಂತೆ
ನನ್ನ ಪೊಟ್ಟಣ ಲಾಂಚು ದಾಟುತ್ತದೆ, ಅವನ ಬಗಲಲ್ಲಿ,
ಚೀಲದಲ್ಲಲ್ಲ. ಚೀಲ ಸರ್ಕಾರದ್ದು.
ಪೈಪೋಟಿ ಅಂದರೆ ನಮ್ಮಲ್ಲಿ ಇಷ್ಟೇ.

ಮೊನ್ನೆ ಪರವಾನಗಿ ಬಂತು.
ದಪ್ಪ ಕಾಗದ, ಸಿಂಹದ ಮುದ್ರೆ, ರಿಜಿಸ್ಟರ್ಡ್ ಪೋಸ್ಟಿನಲ್ಲಿ!
ಕೆರಿಯಪ್ಪನ ಇಲಾಖೆಯೇ ತಂದು ಕೊಟ್ಟಿತು,
ಎರಡು ಕಡೆ ಸಹಿ ಹಾಕಿಸಿಕೊಂಡು.
ಇನ್ನು ಯಾರೂ ಹೊರಬಹುದು,
ಪತ್ರವನ್ನು ಪತ್ರ ಅನ್ನಬಹುದು.
ಏಸುವಿನ ಪಟದ ಪಕ್ಕ ಮೊಳೆ ಹೊಡೆದು ತೂಗುಹಾಕಿ
ಹೊಸ ಚೀಟಿಪುಸ್ತಕ ಬಿಚ್ಚಿ ಕೂತೆ.

ಚೆಕ್ ಪುಸ್ತಕ ಬಂತು. ಸೀರೆ ಬಂತು.
ಅಳತೆ ಹಿಡಿಸದೆ ವಾಪಸು ಹೊರಟ ಚಪ್ಪಲಿ ಮೂರು ಜೊತೆ,
ಕುಕ್ಕರಿನ ಗ್ಯಾಸ್ಕೆಟ್ಟು, ಯಾರದೋ ಬಿ.ಪಿ. ಮಾತ್ರೆ.
ಒಂಬತ್ತು ದಿನ.
ಊರು ಕೊಳ್ಳೆ ಹೋದ ಮೇಲೆ
ಕೋಟೆ ಬಾಗಿಲು ಹಾಕಿದರಂತೆ ಹಿಂದಿನವರು.
ಇವರು ತೆರೆದಿದ್ದಾರೆ.

ಹತ್ತನೆಯ ದಿನ ಕೆರಿಯಪ್ಪ ಕಟ್ಟೆಯಿಂದೆದ್ದು
ಗಿರಾಕಿಗಳ ಕಡೆಯಿಂದ ಬಂದ.
ಎದೆಜೇಬಿನಲ್ಲಿ ಕಂದು ಲಕೋಟೆ,
ಅನ್ನದಗುಳು ತಿಕ್ಕಿ ಅಂಟಿಸಿದ್ದು.
ಅಂಚೆ ಅಧೀಕ್ಷಕರು, ಶಿವಮೊಗ್ಗ.
'ಕಾಯಂ ಮಾಡಿ ಅಂತ ಅಲ್ಲ, ಅದು ಬಿಟ್ಟೆ.
ಲಾಂಚು ಕೆಟ್ಟ ದಿನ ಸುತ್ತುಬಳಸಿ ನಡೆದದ್ದನ್ನ
ರಜೆ ಅಂತ ಹಿಡಿದಿದಾರೆ. ಅಷ್ಟು ಸರಿಮಾಡಲಿ ಅಂತ.'
ನಿಮ್ಮ ಚೀಲಕ್ಕೇ ಹಾಕಬಹುದಿತ್ತಲ್ಲ, ಅಂದೆ.
'ನನ್ನ ದೂರು ನಾನೇ ಹೊರಲಾ, ಫಿಲೋಮಿನಮ್ಮ?'

ತಕ್ಕಡಿ ಹನ್ನೆರಡು ಗ್ರಾಂ ಅಂದಿತು.
ಒಳಗೇನಿದೆ.
ಪ ಬರೆದೆ. ಅಭ್ಯಾಸವಿಲ್ಲದ ಕೈ,
ತ್ರ ಎಳೆಯುವಾಗ ಕಾರ್ಬನ್ ಹರಿಯಿತು.
ನಲವತ್ತು ರೂಪಾಯಿ. ಎರಡು ಪೊಟ್ಟಣದ ಬಾಕಿ ಉಂಟಲ್ಲ,
ಅದಕ್ಕೆ ವಜಾ ಹಾಕಿ, ಅಂದ.
ರಸೀದಿ ಮಾತ್ರ ಕೇಳಿ ಪಡೆದು,
ಬೆಳಕಿಗೆ ಹಿಡಿದು ಓದಿ,
ಆಚೆ ದಡದ ನನ್ನ ಚಪ್ಪಲಿ ಡಬ್ಬ ಬಗಲಿಗಿಟ್ಟುಕೊಂಡು
ಬಸ್ಸಿಗೆ ಓಡಿದ.