ಸುಂಟಿಕೊಪ್ಪದ ವೇಬ್ರಿಜ್

ಬೆಳಗ್ಗೆ ಸ್ವಿಚ್ಚೊತ್ತಿದರೆ ಅದು ಮೊದಲು ಹೇಳುವುದು ಒಂದು ಸುಳ್ಳು:
ಇವತ್ತು ಜನವರಿ ಒಂದು, ಸಾವಿರದ ಒಂಬೈನೂರ ಎಂಬತ್ತು.
ತಿದ್ದುತ್ತೇನೆ. ದಿನಾ ತಿದ್ದುತ್ತೇನೆ,
ಮರೆವು ಹಿಡಿದ ಅತ್ತೆಗೆ ಮೊಮ್ಮಕ್ಕಳ ಹೆಸರು ಹೇಳಿಕೊಟ್ಟ ಹಾಗೆ.
ಆಮೇಲೆ ಸಂಜೆಯವರೆಗೆ ಅದು ಸುಳ್ಳು ಹೇಳುವುದಿಲ್ಲ.
ಮಾದಾಪುರದ ರೊಬಸ್ಟಾ, ಗರಗಂದೂರಿನ ಮೆಣಸು,
ಐವತ್ತು ಕಿಲೋ ಚೆರಿಗೆ ಔಟ್‌ಟರ್ನ್ ಇಪ್ಪತ್ತಾರೋ ಇಪ್ಪತ್ತೆಂಟೋ
ಕರ್ರಕರ್ರನೆ ಅಚ್ಚೊತ್ತಿ ಚೀಟಿ ಕೈಗಿಡುತ್ತದೆ.

ಇದರ ಜೀವ ಬರೆದ ಕಂಪನಿ ಬಾಗಿಲು ಹಾಕಿ ಇಪ್ಪತ್ತೆರಡು ವರ್ಷ.
ಹೋಗುವಾಗ, ಒಳ್ಳೆ ಬುದ್ಧಿಯೋ ಬೇಸರವೋ,
ಒಳಗಿನ ಬರಹವನ್ನೆಲ್ಲ ಊರಿಗೇ ಬಿಟ್ಟು ಹೋಯಿತಂತೆ.
ಯಾರಾದರೂ ಓದಿ, ತಿದ್ದಿ, ಹಂಚಿ.
"ಅಂದರೆ ದಿಕ್ಕಿಲ್ಲದ ಕೂಸು?" ಅಂದರು ಬೆಳ್ಯಪ್ಪನವರು.
"ಅಂದರೆ ಮಂದ್, ಸಾರ್," ಅಂದಳು ಸಫೀನಾ,
"ಯಾರು ಬೇಕಾದರೂ ಕುಣಿಯಬಹುದು, ಯಾರೂ ಉಳುವ ಹಾಗಿಲ್ಲ."
ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು
"ನಮ್ಮೂರ ಮಂದ್‌ನಲ್ಲಿ ಈಗ ಲಂಟಾನ" ಅಂದರು.

ಸಫೀನಾ ಸಿದ್ದಾಪುರದ ರೇಡಿಯೋ ಮೂಸಾಕನ ಮಗಳು.
ಕುಶಾಲನಗರದ ಗುಜರಿಯಲ್ಲಿ ಸತ್ತ ಯಂತ್ರಗಳ ಎದೆ ಬಗೆದು
ಒಂದೊಂದೇ ಕೆಪಾಸಿಟರ್ ತರುತ್ತಾಳೆ, ಕಡಲೆಕಾಯಿ ಪೊಟ್ಟಣದಲ್ಲಿ.
"ಬರಹವೇನೋ ಪುಕ್ಕಟೆ. ತಾಮ್ರ ಕಿಲುಬು ಹಿಡಿಯುತ್ತದಲ್ಲ."

ಅವಳಿಗೊಬ್ಬ ಜೊತೆಗಾರನಿದ್ದ, ಮುಖ ಕಾಣದವನು,
ಪೋಲೆಂಡೋ ಫಿನ್ಲೆಂಡೋ. ವರ್ಷಕ್ಕೆರಡು ತೇಪೆ ಕಳಿಸುತ್ತಿದ್ದ.
ಹೋದ ಮಳೆಗಾಲದಿಂದ ಸುದ್ದಿಯಿಲ್ಲ.
ಕೆಲಸ ಸಿಕ್ಕಿತೋ, ಮಗು ಹುಟ್ಟಿತೋ, ತೀರಿಕೊಂಡನೋ.
ಅವನ ಸಾಲುಗಳ ನಡುವೆ ಒಂದು ಟಿಪ್ಪಣಿ:
ಇದು ಯಾಕೆ ಕೆಲಸ ಮಾಡುತ್ತದೋ ನನಗೂ ಗೊತ್ತಿಲ್ಲ. ಮುಟ್ಟಬೇಡಿ.
ಸಫೀನಾ ನಕ್ಕಳು. ಮುಟ್ಟಿದಳು.
ಮೂರು ದಿನ ವೇಬ್ರಿಜ್ ನಿಂತಿತು,
ಲಾರಿಸಾಲು ಪೆಟ್ರೋಲ್ ಬಂಕಿನ ತಿರುವು ದಾಟಿತು,
ನಾನು ಕಾಗದದ ಮೇಲೆ ಕೂಡಿ ಕಳೆದು ಬೈಸಿಕೊಂಡೆ.
ನಾಲ್ಕನೆಯ ದಿನ ಅವನ ಟಿಪ್ಪಣಿಯ ಕೆಳಗೆ
(ಅದಕ್ಕೆ ನಮ್ಮ ಲಿಪಿ ಬಾರದು,
ಇಂಗ್ಲಿಷ್ ಅಕ್ಷರಕ್ಕೆ ಕನ್ನಡ ಉಡಿಸಿ)
ಈಗ ಗೊತ್ತಾಯಿತು, ಎಂದು ಬರೆದು
ಹನ್ನೊಂದು ಸಾಲು ವಿವರಿಸಿದಳು.
ಯಾರು ಓದುತ್ತಾರೆ ಇದನ್ನ, ಅಂದೆ.
"ನಾನೇ. ಹತ್ತು ವರ್ಷ ಬಿಟ್ಟು, ಮರೆತ ಮೇಲೆ."

ಅದಕ್ಕೂ ಮೊದಲು, ಸೆಪ್ಟೆಂಬರಿನಲ್ಲಿ, ಕೈಲ್‌ಪೊಳ್ದ್‌ನ ದಿನ
ಕೋವಿಗೂ ಒಡಿಕತ್ತಿಗೂ ಇಟ್ಟು ಮಿಕ್ಕ ತೋಕ್ ಪೂವೊಂದನ್ನು
ಬೆಳ್ಯಪ್ಪನವರು ಇಲ್ಲಿಗೆ ತಂದಿದ್ದರು.
ಹಳದಿಗಟ್ಟಿದ ಮಾನಿಟರಿನ ನೆತ್ತಿಗೆ ಕೈ ಎತ್ತಿದಾಗ
"ಬೇಡ ಸಾರ್," ಅಂದಿದ್ದಳು ಹುಡುಗಿ,
"ಹೂವಿಟ್ಟದ್ದನ್ನು ಮತ್ತೆ ಯಾರೂ ಬಿಚ್ಚುವುದಿಲ್ಲ."
ಅವರ ಅಜ್ಜನ ಕೋವಿ ಸಿಡಿದು ಐವತ್ತು ವರ್ಷ.
ಎಣ್ಣೆ ಹಚ್ಚುತ್ತಾರೆ, ಕುದುರೆ ಎಳೆಯುವುದಿಲ್ಲ.
ಹೂವನ್ನು ಜೇಬಿಗೆ ಹಾಕಿಕೊಂಡು ಹೊರಟುಹೋದರು.

ಈಗ ಜನವರಿ, ನಿಜವಾದದ್ದು.
ಮೈಸೂರಿನ ಏಜೆಂಟ್ ಮೂರು ಸಲ ಬಂದ. ಹೊಸದು, ತೆಳ್ಳಗಿದೆ,
ತಿಂಗಳ ಬಾಡಿಗೆ, ಸ್ಕ್ರೂಗಳ ಮೇಲೆಲ್ಲ ಕೆಂಪು ಸೀಲು.
ಬೆಳ್ಯಪ್ಪನವರು ಹೂಂ ಅಂದಿಲ್ಲ, ಉಹೂಂ ಅಂದಿಲ್ಲ.
ಹಳೆಯದು ಉಳಿಯುತ್ತದಾ ಎಂದು ನನ್ನನ್ನು ಕೇಳುತ್ತಾರೆ,
ತೂಕದವನಿಗೆ ಎಲ್ಲ ತೂಕ ಗೊತ್ತಿರುತ್ತದೆ ಅನ್ನುವ ಹಾಗೆ.
ಬಾಗಿಲು ತೆರೆದಿಟ್ಟ ಮಾತ್ರಕ್ಕೆ ಯಾರೂ ಒಳಗೆ ಬರುವುದಿಲ್ಲ.
ಬೀಗ ಜಡಿದಿದ್ದರೆ ಸಫೀನಾ ಕೂಡ ಬರುತ್ತಿರಲಿಲ್ಲ.
ಅಷ್ಟೇ ನನಗೆ ಗೊತ್ತು, ಅದೂ ಅರ್ಧ.

ಇವತ್ತು ಸ್ಕ್ರೂಡ್ರೈವರನ್ನು ನನ್ನ ಕೈಗಿಟ್ಟು
"ನೀವೇ ಬಿಚ್ಚಿ" ಅಂದಳು.
ಐವತ್ತೆಂಟರ ಕೈ. ನಡುಗಿತು.
ಒಳಗೆ ಧೂಳು, ಕಾಫಿ ಸಿಪ್ಪೆ, ಒಣಗಿದ ಜಿರಳೆ,
ನಾನು ಮೂವತ್ತು ವರ್ಷ ಬರೀ ಮುಖ ನೋಡಿದ್ದರ ಹೊಟ್ಟೆ.
ಹೊರಗೆ ಪಿಕಪ್ಪಿನವನು ಹಾರನ್ ಒತ್ತುತ್ತಿದ್ದಾನೆ.
ಒಂದು ನಿಮಿಷ! ಕೂಗಿದೆ,
ಸ್ಕ್ರೂ ಹಲ್ಲಲ್ಲಿ ಕಚ್ಚಿಕೊಂಡೇ.