ಸಾಲು ಇನ್ನೂರ ಹದಿನೇಳು

ತಿತಿಮತಿ, ಸೊಸೈಟಿಯ ಹಿಂದಿನ ಕೋಣೆ.
ತೂಕದ ಯಂತ್ರ ಉಗುಳಿದ ಫೈಲುಗಳು ಹನ್ನೊಂದು,
ಹಾಡಿಗೊಂದರಂತೆ.
ತೆರೆದರೆ ಬರೀ ಅಕ್ಷರ, ಅಂಕಿ,
ನಡುನಡುವೆ ಒಂದು ಕೊಕ್ಕೆ.
ಅದಕ್ಕೆ ಅಲ್ಪವಿರಾಮ ಎಂದು ಹೆಸರು,
ಅಲ್ಲಿ ಒಂದು ಉಸಿರು ನಿಲ್ಲಬೇಕು
ಎಂದು ಹೇಳಿಕೊಟ್ಟಿದ್ದರು ಸೀತವ್ವ ಟೀಚರು.
ನನ್ನ ಸ್ಕ್ರಿಪ್ಟಿಗೆ ಉಸಿರಿಲ್ಲ.
ಅದಕ್ಕದು ಬೇಲಿ:
ಈಚೆಗೊಂದು ಖಾನೆ, ಆಚೆಗೊಂದು.

ನಲವತ್ತೇ ಸಾಲಿನ ಸ್ಕ್ರಿಪ್ಟು.
ಹಗಲೆಲ್ಲ ರಸೀದಿ ಹರಿದು, ಮೂರು ರಾತ್ರಿ ಕೂತು ಬರೆದೆ.
ಫೈಲು ತೆರೆ. ಮೊದಲ ಸಾಲು ಬಿಡು, ಅದು ತಲೆಬರಹ.
ಕೊಕ್ಕೆ ಕಂಡಲ್ಲಿ ಕತ್ತರಿಸು.
ಹೆಸರು ಹೆಸರಿಗೆ, ಕಿಲೋ ಕಿಲೋಗೆ,
ರೂಪಾಯಿ ರೂಪಾಯಿಗೆ.
ಡೇಟಾಬೇಸೆಂದರೆ ದೊಡ್ಡದೇನಲ್ಲ, ಒಂದೇ ಒಂದು ಫೈಲು;
ಮೊಣ್ಣಪ್ಪನವರ ಬೀಗದಕೈ ಗೊಂಚಲಿನ
ಪೆನ್‌ಡ್ರೈವಿನಲ್ಲಿ ತೂಗಾಡುವಂಥದ್ದು.
ಬೀರುವಿನ ಇಪ್ಪತ್ತು ಲೆಡ್ಜರೂ ಇದರೊಳಗೆ ಹೋಗುತ್ತವೆ ಅಂದರೆ
ಅವರು ಬಹಳ ಹೊತ್ತು ಸುಮ್ಮನಿದ್ದು ಕೇಳಿದರು,
“ಇದಕ್ಕೆ ಇರುವೆ ಹತ್ತುತ್ತದಾ?”
ಲೆಡ್ಜರಿಗೆ ಹತ್ತುತ್ತಿತ್ತು.
ಜೇನಂಟಿದ ಬೆರಳಲ್ಲೇ ಹಾಳೆ ಮಗುಚಿದವರು ಎಲ್ಲರೂ.

ಓಡಿಸಿದೆ.
ನೂರು. ಇನ್ನೂರು. ಇನ್ನೂರ ಹದಿನಾರು.
ನಿಂತಿತು.
ಏಳು ಖಾನೆ ಇರಬೇಕಾದಲ್ಲಿ ಎಂಟು.
ಹೆಸರಿನ ಜಾಗದಲ್ಲಿ ಬೊಳ್ಳ, ಸರಿ,
ಕಿಲೋ ಜಾಗದಲ್ಲಿ ಚುಬ್ರ,
ರೂಪಾಯಿ ಜಾಗದಲ್ಲಿ ಆರೂವರೆ.
ಮನುಷ್ಯ ತಕ್ಕಡಿ ಹತ್ತಿ ಕೂತಿದ್ದಾನೆ,
ಜೇನು ಇಳಿದು ದುಡ್ಡಿನ ಪೆಟ್ಟಿಗೆ ಸೇರಿದೆ!

ಬೈದೆ. ತೂಕ ಹಾಕಿದ ಹುಡುಗನನ್ನು, ಯಂತ್ರವನ್ನು,
ಡಬ್ಬಕ್ಕೆ ಒಂದೇ ಹೆಸರು ಎಂದು ಗೋಡೆಗೆ ಅಂಟಿಸಿದ್ದನ್ನು
ಓದದ ಎಲ್ಲರನ್ನೂ.
ಆಮೇಲೆ ಇನ್ನೊಂದು ಸಾಲು ಸೇರಿಸಿದೆ:
ಏಳಕ್ಕಿಂತ ಹೆಚ್ಚಿದ್ದರೆ, ಏಳಾಗುವ ತನಕ
ಎರಡನೆಯದನ್ನು ಬಿಡು.
ಆರುನೂರ ನಾಲ್ಕು ಸಾಲು, ಎರಡು ಸೆಕೆಂಡು.
ಮೊಣ್ಣಪ್ಪನವರಿಗೆ ತೋರಿಸಿ, ಬೆಲ್ಲದ ಕಾಪಿ ಕುಡಿದು,
ಕಡೇ ಬಸ್ಸಿಗೆ ಹೊರಟೆ.

ಸೋಮವಾರ ಇಬ್ಬರೂ ಬಂದರು, ಪಾಸ್‌ಬುಕ್ಕು ಹಿಡಿದು.
ಬೊಳ್ಳ ಬಾಗಿಲಲ್ಲೇ ನಿಂತ. ಮಾತಾಡಿದ್ದು ಚುಬ್ರ.
“ಮರ ಹತ್ತಿದ್ದು ಇವನು. ಹಗ್ಗ ಹಿಡಿದದ್ದು ನಾನು.”
ಹತ್ತಿದವನ ಹೆಸರಿಗೆ ದುಡ್ಡು ಬಂದಿದೆಯಲ್ಲ, ಅಂದೆ.
ನಕ್ಕರು. ಜೋರಾಗಿ ಅಲ್ಲ.
“ಅಣ್ಣತಮ್ಮ ಹಿಡಿಯೋದಿಲ್ಲಮ್ಮ ಹಗ್ಗ. ಭಾವನೇ ಹಿಡಿಯಬೇಕು.
ಇವನಕ್ಕನ ಗಂಡ ನಾನು.
ಕೈ ಬಿಟ್ಟರೆ ನನಗೆ ಮನೆಯಲ್ಲಿ ಅನ್ನ ಉಂಟಾ?”

ಎಪ್ಪತ್ತಡಿ ತಾರೆಮರದ ತುದಿಯಲ್ಲಿ ಒಬ್ಬ,
ಬುಡದಲ್ಲಿ ಒಬ್ಬ,
ಚಂದ್ರನಿಲ್ಲದ ರಾತ್ರಿ ನೋಡಿಯೇ ಹೊರಟವರು.
ಇವನಿಗೆ ಅವನು ಕಾಣ, ಅವನಿಗೆ ಇವನು ಕಾಣ,
ನಡುವೆ ಬಳ್ಳಿ ಹೊಸೆದ ಹಗ್ಗ.
ನನ್ನ ಫೈಲಿನಲ್ಲಿ ಆ ಹಗ್ಗ ಇದ್ದದ್ದು ಇಷ್ಟೇ ಉದ್ದ:
ಒಂದು ಕೊಕ್ಕೆ.
ಅದನ್ನೇ ಕತ್ತರಿಸಿದ್ದೆ.

ರಾತ್ರಿ ಹೆಚ್ಚಿನ ಖಾನೆಯ ಸಾಲುಗಳನ್ನೆಲ್ಲ ಹೆಕ್ಕಿದೆ.
ಐವತ್ತಮೂರು.
ಎರಡರಲ್ಲಿ ಒಂಬತ್ತು ಖಾನೆ;
ಹೊಗೆಸೂಡಿ ಕಟ್ಟಿಕೊಟ್ಟ ಮುತ್ತಿಯ ಹೆಸರೂ ಇತ್ತು.
ಜೇನಿಗೊಂದು ಪಟ್ಟಿ ಮಾಡಿದೆ, ಜನರಿಗೊಂದು ಪಟ್ಟಿ,
ಮೂರನೆಯದಕ್ಕೆ ಹಗ್ಗ ಎಂದು ಹೆಸರಿಟ್ಟೆ.
ಅದರಲ್ಲಿ ಹೆಸರಿಲ್ಲ, ತೂಕವಿಲ್ಲ,
ನಂಬರಿಗೆ ನಂಬರು ಗಂಟು ಹಾಕಿದೆ, ಅಷ್ಟೆ.
ಮೊಣ್ಣಪ್ಪನವರು ಕನ್ನಡಕ ಮೇಲೇರಿಸಿ ನೋಡಿದರು,
“ಇದರಲ್ಲಿ ಏನೂ ಇಲ್ಲವಲ್ಲ?”
ವಿವರಿಸಲು ಹೊರಟೆ, ಕರೆಂಟು ಹೋಯಿತು.

ಒಂದು ಸಾಲು ಮಾತ್ರ ಇವತ್ತಿಗೂ ಒಳಗೆ ಬಂದಿಲ್ಲ.
ಎರಡು ಕಿಲೋ ಮುನ್ನೂರು ಗ್ರಾಂ,
ಹೆಸರಿನ ಜಾಗ ಖಾಲಿ.
ಯಾರೋ ತೂಗಿಸಿ, ಇಟ್ಟು, ಹೋಗಿದ್ದಾರೆ.
ಡಬ್ಬ ಬೆಂಚಿನ ಕೆಳಗೇ ಇದೆ.
ಇರುವೆ ಹತ್ತಿದೆ.